ನಡುನೀರಿನಲ್ಲಿ ನಿಲ್ಲುತ್ತಿದ್ದ ಮಶೀನು

ನಮ್ಮ ಮನೆಯಲ್ಲಿ ದೋಣಿಯನ್ನು ಯಾರೂ ದೋಣಿ ಎನ್ನುವುದಿಲ್ಲ, ಮಶೀನು ಎನ್ನುತ್ತಾರೆ. ಮಶೀನು ಆಚೆ ದಡದಲ್ಲಿದೆ, ಮಶೀನಿಗೆ ಹುಲ್ಲು ತುಂಬಿ ಆಯಿತು, ಹೀಗೆ. ಫೈಬರಿನ ಆ ದೋಣಿಯ ಹಿಂದಕ್ಕೆ ಕಚ್ಚಿಸಿದ ಔಟ್‌ಬೋರ್ಡ್ ಎಂಜಿನ್ನು ಕಾರವಾರದ ಕಡೆ ಮೀನುಗಾರರೊಬ್ಬರು ಬಳಸಿ ಬಿಟ್ಟದ್ದು. ಹಗ್ಗ ಎಳೆದು ಶುರು ಮಾಡಬೇಕು, ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸಬೇಕು. ಪೆಟ್ರೋಲಿನ ಟಾಂಕಿ ಬೇರೆಯೇ ಇರುತ್ತದೆ, ದೋಣಿಯ ತಳದಲ್ಲಿ. ಅಲ್ಲಿಂದ ಎಂಜಿನ್ನಿಗೆ ಒಂದು ಕಪ್ಪು ಪೈಪು, ಪೈಪಿನ ನಡುವೆ ಮೊಟ್ಟೆಯ ಆಕಾರದ ರಬ್ಬರ್ ಉಂಡೆ. ಹೊರಡುವ ಮೊದಲು ಆ ಉಂಡೆಯನ್ನು ಗಟ್ಟಿಯಾಗುವ ತನಕ ಹಿಚುಕಬೇಕು, ಆಗ ಪೆಟ್ರೋಲು ಮೇಲೇರುತ್ತದೆ. ಇಷ್ಟು ನನಗೆ ಮೊದಲಿನಿಂದಲೂ ಗೊತ್ತಿತ್ತು. ಇದಕ್ಕಿಂತ ಹೆಚ್ಚು ತಿಳಿಯಬೇಕಾಗಿ ಬಂದದ್ದು ಹಿಂದಿನ ಚಳಿಗಾಲದಲ್ಲಿ.

ಯಲ್ಲಾಪುರ ತಾಲೂಕಿನ ಒಂದು ಮೂಲೆಯಲ್ಲಿ, ಅಣೆಕಟ್ಟಿನ ಹಿನ್ನೀರು ಮೂರು ಕಡೆಯಿಂದ ಸುತ್ತಿಕೊಂಡ ಗುಡ್ಡದ ಮೇಲೆ ನಾವು ನಾಲ್ಕಾರು ಮನೆಯವರಿದ್ದೇವೆ. ಹಿಂದಿನ ಕಾಡಿನಲ್ಲಿ ಒಂದು ರಸ್ತೆ ಇದೆ ಎಂದು ಕಾಗದದಲ್ಲಿದೆ. ಬೇಸಿಗೆಯಲ್ಲಿ ಜೀಪು ಬರುತ್ತದೆ. ಉಳಿದಂತೆ ನೀರೇ ದಾರಿ. ಆಚೆ ದಡದ ಊರಿನಲ್ಲಿ ರಾತ್ರಿ ವಸ್ತಿ ನಿಲ್ಲುವ ಬಸ್ಸು ಬೆಳಕು ಹರಿಯುವಾಗ ಯಲ್ಲಾಪುರಕ್ಕೆ ಹೊರಡುತ್ತದೆ. ಆ ಬಸ್ಸು ತಪ್ಪಿದರೆ ಮುಂದಿನದು ಬಿಸಿಲೇರಿದ ಮೇಲೆ.

ಉಳಿದವರಿಗೆ ಅದೇನೂ ದೊಡ್ಡದಲ್ಲ. ಭಾವನಿಗೆ ದೊಡ್ಡದು. ಭಾವ ಎಂದರೆ ಇವರ, ಅಂದರೆ ನನ್ನ ಯಜಮಾನರ, ಅಣ್ಣ. ಅವರ ಮೂತ್ರಪಿಂಡ ಎರಡೂ ಕೆಲಸ ಬಿಟ್ಟಿವೆ. ಮಂಗಳವಾರ, ಶುಕ್ರವಾರ ಯಲ್ಲಾಪುರದಲ್ಲಿ ಡಯಾಲಿಸಿಸ್. ಬೆಳಗಿನ ಸರದಿ. ತಡವಾದರೆ ಆ ಹಾಸಿಗೆಗೆ ಬೇರೆಯವರು ಬಂದಿರುತ್ತಾರೆ, ಅವರನ್ನು ಎಬ್ಬಿಸಲಾಗುವುದಿಲ್ಲ. ಒಂದು ಸರದಿ ತಪ್ಪಿದರೆ ಭಾವನ ಕಾಲು ಊದಿಕೊಳ್ಳುತ್ತದೆ, ಮಲಗಿದರೆ ಉಸಿರು ಸಿಕ್ಕುವುದಿಲ್ಲ, ದಿಂಬಿಗೆ ಒರಗಿ ಕುಳಿತೇ ಇರಬೇಕು. ಕುಡಿಯುವ ನೀರಿಗೂ ಲೆಕ್ಕ. ಬೆಳಿಗ್ಗೆ ಒಂದು ತಂಬಿಗೆಯಲ್ಲಿ ಅಳೆದಿಟ್ಟರೆ ರಾತ್ರಿಯವರೆಗೆ ಅಷ್ಟೇ. ಸುತ್ತ ಅಷ್ಟು ನೀರಿಟ್ಟುಕೊಂಡು ಭಾವ ಆ ತಂಬಿಗೆಯನ್ನು ಆಗಾಗ ಎತ್ತಿ, ಎಷ್ಟು ಉಳಿದಿದೆ ಎಂದು ನೋಡಿ, ಕುಡಿಯದೆ ಕೆಳಗಿಡುವುದನ್ನು ನಾನು ನೋಡಿದ್ದೇನೆ.

ಎಡಗೈಯಲ್ಲಿ ಸೂಜಿ ಚುಚ್ಚಲೆಂದು ನರ ಜೋಡಿಸಿದ್ದಾರೆ. ಅಲ್ಲಿ ಬೆರಳಿಟ್ಟರೆ ಬೆಕ್ಕು ಗುರ್‌ಗುಟ್ಟಿದ ಹಾಗೆ ಆಗುತ್ತದೆ. ಆ ಕೈಯಲ್ಲಿ ಭಾರ ಎತ್ತಬಾರದು. ಹಾಗಾಗಿ ಭಾವನ ಕೈಯಿಂದ ಕೆಲಸಗಳು ಒಂದೊಂದೇ ಹೋದವು. ಮೊದಲು ಹಾರೆ ಹೋಯಿತು, ಆಮೇಲೆ ಕತ್ತಿ, ಆಮೇಲೆ ಮಶೀನಿನ ಹಗ್ಗ. ಮಶೀನು ತಂದದ್ದು ಅವರೇ, ನಡೆಸುವುದನ್ನು ಇವರಿಗೆ ಕಲಿಸಿದ್ದೂ ಅವರೇ. ಈಗ ಅವರು ಟಾಂಕಿಯ ಪಕ್ಕದ ಹಲಗೆಯ ಮೇಲೆ ಕಂಬಳಿ ಹೊದ್ದು ಕೂರುವವರು. ಸಂಜೆ ಮಾತ್ರ ಇಳಿದು ಹೋಗಿ ಮಶೀನಿನ ಮೈ ಒರೆಸುತ್ತಿದ್ದರು. ಒಂದು ಹಳೆ ಪಂಚೆಯ ತುಂಡು, ಒಂದು ಗಿಂಡಿ ತೆಂಗಿನೆಣ್ಣೆ. ತೆಂಗಿನೆಣ್ಣೆ ನಮ್ಮಲ್ಲಿ ತಲೆಗೂ ಆಯಿತು, ಕಿರ್ರೆನ್ನುವ ಬಾಗಿಲಿಗೂ ಆಯಿತು, ಮೆಟ್ಟುಗತ್ತಿಯ ತುಕ್ಕಿಗೂ ಹೊಲಿಗೆ ಯಂತ್ರಕ್ಕೂ ಆಯಿತು. ಬೋಲ್ಟು, ಹಿಡಿಕೆ, ಸರಪಳಿ, ಎಲ್ಲೆಲ್ಲಿ ಕಬ್ಬಿಣ ಕಂಡಿತೋ ಅಲ್ಲೆಲ್ಲ ಭಾವ ಒಂದೊಂದು ಹನಿ ಬಿಡುತ್ತಿದ್ದರು. ನೀರಿನ ಮೇಲಿದ್ದೂ ನಮ್ಮ ಮಶೀನು ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು.

ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ ಒಂದು ಮಂಗಳವಾರ ಅದು ಮೊದಲ ಸಲ ನಿಂತಿತು. ಆ ದಿನ ಭಾವನ ಜೊತೆ ಅಕ್ಕಯ್ಯ ಹೋಗಿದ್ದಳು. ಅಕ್ಕಯ್ಯ ಭಾವನ ಹೆಂಡತಿ, ನನ್ನ ಓರಗಿತ್ತಿ. ಕಾನಸೂರಿನವಳು. ಅಂಗಳದಿಂದ ಕೈ ತೋರಿಸಿದರೆ ಬಸ್ಸು ನಿಲ್ಲುವ ಊರಿನಿಂದ ಬಂದವಳು. ಇಷ್ಟು ವರ್ಷವಾದರೂ ದೋಣಿ ಹತ್ತುವಾಗ ಎರಡೂ ಕೈಯಲ್ಲಿ ಅಂಚು ಹಿಡಿದುಕೊಂಡೇ ಇರುತ್ತಾಳೆ. ಮಂಜಿನಲ್ಲಿ ನಡುನೀರಿಗೆ ಹೋದ ಮೇಲೆ ಎಂಜಿನ್ನು ದನಿ ಇಳಿಸಿ, ಎರಡು ಸಲ ಕೆಮ್ಮಿ, ಸುಮ್ಮನಾಯಿತಂತೆ. ಇವರು ಹಗ್ಗ ಎಳೆದರು, ಚೋಕ್ ಎಳೆದರು. ಸ್ವಲ್ಪ ಹೊತ್ತು ಬಿಟ್ಟರೆ ಶುರುವಾಗುವುದು, ಒಂದಿಷ್ಟು ದೂರ ಹೋಗಿ ಮತ್ತೆ ನಿಲ್ಲುವುದು. ಕೊನೆಗೆ ಹುಟ್ಟು ಹಾಕಿ ದಡ ಸೇರುವಾಗ ಬಸ್ಸು ಹೋಗಿ, ಅದರ ಧೂಳೂ ಇಳಿದಿತ್ತು. ಮೀನು ಇಳಿಸಿ ವಾಪಸು ಹೋಗುವ ಟೆಂಪೊ ಒಂದು ಸಿಕ್ಕಿತು.

"ಆ ಮೀನಿನ ವಾಸ್ನೆ, ಸೆರಗು ಮೂಗಿಗೆ ಹಿಡ್ಕಂಡ್ರೂ ಬಿಡ್ತಿಲ್ಲೆ ಮಾರಾಯ್ತಿ," ಅಕ್ಕಯ್ಯ ಸಂಜೆ ಬಂದವಳೇ ಬಾವಿಕಟ್ಟೆಗೆ ಹೋಗಿ ತಲೆಗೆ ನೀರು ಸುರಿದುಕೊಂಡಳು. "ನಿನ್ನ ಭಾವಂಗೆ ನಗು ಬೇರೆ. ಈ ನಮ್ನಿ ಘಮಘಮ ಅಂದ್ರೆ ಆಸ್ಪತ್ರೆಯವು ಬೇಗ ಬಿಡ್ತ ಹೇಳಿ."

ಆ ದಿನ ಮಧ್ಯಾಹ್ನದ ಸರದಿಯಲ್ಲಿ ಹೇಗೋ ಜಾಗ ಸಿಕ್ಕಿತ್ತು, ಹಾಗಾಗಿ ನಗಲಿಕ್ಕೆ ಆಯಿತು. ಶುಕ್ರವಾರವೂ ಅಲ್ಲಿಯೇ ನಿಂತಿತು. ಆ ದಿನ ಜಾಗ ಸಿಗಲಿಲ್ಲ. ಮರುದಿನ ಬನ್ನಿ ಎಂದರು. ಆ ರಾತ್ರಿ ಭಾವ ಗೋಡೆಗೆ ಒರಗಿ ಕುಳಿತು, ಅಕ್ಕಯ್ಯ ಅವರೆದುರು ಕುಳಿತು ಬೆಳಗು ಮಾಡಿದರು.

ಶನಿವಾರ ಹುಟ್ಟು ಹಾಕಿಕೊಂಡೇ ಹೋಗಿ ಡಯಾಲಿಸಿಸ್ ಮಾಡಿಸಿ ಬಂದರು. ಭಾನುವಾರ ಬೆಳಿಗ್ಗೆ ದೋಸೆ ಹೊಯ್ಯುತ್ತ ಅಕ್ಕಯ್ಯ ಹೇಳಿದಳು, ಯಾರ ಮುಖವನ್ನೂ ನೋಡದೆ. "ಆಸ್ಪತ್ರೆ ಹಿಂದೊಂದು ಖೋಲಿ ಖಾಲಿ ಇದ್ದಡ. ಅಲ್ಲಿ ಹೋಗಿ ಇರ್ತ್ಯ ಯಂಗ."

ಭಾವ ಚಾವಡಿಯಿಂದಲೇ ಕೇಳಿದರು. "ಅಲ್ಲಿ ಎಂತ ಮಾಡೂದೇ ಆನು? ಗೋಡೆ ನೋಡೂದಾ?"

"ಗೋಡೆ ನೋಡಿ. ಉಸ್ರು ಬಿಟ್ಕತ್ತ ನೋಡಿ."

ಅಕ್ಕಯ್ಯ ಆ ಮಧ್ಯಾಹ್ನವೇ ಒಂದು ಗೋಣಿಚೀಲದಲ್ಲಿ ಸಣ್ಣ ಪಾತ್ರೆಗಳು, ಎರಡು ತಟ್ಟೆ, ಒಂದು ಸೌಟು, ಕಬ್ಬಿಣದ ಕಾವಲಿ ತುಂಬಿ ಬಾಗಿಲ ಮೂಲೆಯಲ್ಲಿಟ್ಟಳು. ಮಶೀನು ಸರಿಯಾಗದಿದ್ದರೆ ತಿಂಗಳ ಕೊನೆಗೆ ಹೊರಡುವುದು ಎಂದಾಯಿತು. ಚೀಲದ ಬಾಯಿ ಕಟ್ಟಲಿಲ್ಲ, ಸುಮ್ಮನೆ ಮಡಚಿದಳು. ಅವಳಿಗೂ ಹೋಗುವ ಮನಸ್ಸಿಲ್ಲ ಎಂದು ನನಗೆ ಗೊತ್ತಿತ್ತು. ಎಮ್ಮೆ ಅವಳ ಕೈಗಲ್ಲದೆ ಹಾಲು ಕೊಡುವುದಿಲ್ಲ. ಆದರೆ ಗಂಡ ಉಸಿರಿಗೆ ಒದ್ದಾಡುವುದನ್ನು ಎದುರು ಕುಳಿತು ನೋಡಿದವಳಿಗೆ ಎಮ್ಮೆಯ ಮಾತು ಹೇಳುವುದು ಹೇಗೆ?

ಇವರು ಮಶೀನಿನ ಬೆನ್ನು ಬಿದ್ದರು. ಮೊದಲು ಪ್ಲಗ್ ಬಿಚ್ಚಿ ನೋಡಿದರು, ಕಪ್ಪಾಗಿತ್ತು, ಹೊಸದು ಹಾಕಿದರು. ಈಗಿನ ಪೆಟ್ರೋಲು ಹಳತಾದರೆ ನೀರು ಹಿಡಿಯುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಟಾಂಕಿಯನ್ನು ಪೂರ್ತಿ ಬರಿದು ಮಾಡಿ, ಪೆಟ್ರೋಲನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿದರು. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲಬೇಕು. ನಿಲ್ಲಲಿಲ್ಲ. ಫಿಲ್ಟರ್ ತೊಳೆದರು. ಪೈಪನ್ನು ಬಗ್ಗಿಸಿ ಬಗ್ಗಿಸಿ ಬಿರುಕು ಹುಡುಕಿದರು. ಅಂಗಳದ ತುಂಬ ಪೆಟ್ರೋಲ್ ವಾಸನೆ. ಭಾವ ಜಗಲಿಯಲ್ಲಿ ಕುಳಿತು ಇದು ನೋಡು ಅದು ನೋಡು ಎನ್ನುವರು, ಇವರು "ನೋಡಿದ್ದೆ ಅಣ್ಣಾ" ಎನ್ನುವರು. ಮಧ್ಯಾಹ್ನ ಊಟವಾದ ಮೇಲೆ ಮಶೀನನ್ನು ನೀರಿಗೆ ಬಿಟ್ಟು ಆಚೆ ದಡಕ್ಕೆ ಹೋಗಿ ಬಂದರು. ಒಂದು ಕೆಮ್ಮು ಇಲ್ಲ.

"ಸರಿ ಆತು," ಎಂದು ಕೈ ತೊಳೆದರು.

ಮಂಗಳವಾರ ಬೆಳಿಗ್ಗೆ ಅಲ್ಲಿಯೇ ನಿಂತಿತು.

ಭಾವನಿಗೆ ಆ ದಿನವೂ ಮಧ್ಯಾಹ್ನದ ಸರದಿಯೇ ಗತಿಯಾಯಿತು. ಮರುದಿನ ಮಿಸ್ತ್ರಿಯ ಬಳಿ ಒಯ್ಯಲೇಬೇಕಾಯಿತು. ಯಲ್ಲಾಪುರದ ಪೇಟೆಯಲ್ಲಿ ಔಷಧಿ ಹೊಡೆಯುವ ಪಂಪು, ಕಳೆ ಕೊಚ್ಚುವ ಯಂತ್ರ ರಿಪೇರಿ ಮಾಡುವ ಅಂಗಡಿ ಒಂದಿದೆ. ಮಿಸ್ತ್ರಿ ನನ್ನದೇ ವಯಸ್ಸಿನ ಸಾಬರು, ಮೂಗಿನ ತುದಿಗೆ ಕನ್ನಡಕ. ಕಣ್ಣು ತೋರಿಸಲಿಕ್ಕೆಂದು ನಾನೂ ಆ ದಿನ ಪೇಟೆಗೆ ಹೋಗಿದ್ದೆ. ಎಂಜಿನ್ನನ್ನು ದೋಣಿಯಿಂದ ಬಿಚ್ಚಿ, ಗೋಣಿ ಸುತ್ತಿ, ಬಸ್ಸಿನ ಹಿಂದಿನ ಸೀಟಿನ ಕೆಳಗೆ ಮಲಗಿಸಿ ತಂದಿದ್ದೆವು.

"ಬರ್ರಿ ಬರ್ರಿ, ಕುಂದರ್ರಿ ಅಕ್ಕಾರ," ಎಂದು ಸ್ಟೂಲು ಒರೆಸಿಕೊಟ್ಟರು. ಇವರನ್ನು ನೋಡಿ, "ಏನ್ರಿ ಅಣ್ಣಾರ, ಮಶೀನ ಬಸ್ನ್ಯಾಗ? ಟಿಕೀಟ್ ತಗಿಸೀರಿ ಇಲ್ಲ ಇದಕ್ಕ?"

ಕಾರ್ಬೊರೇಟರ್ ಬಿಚ್ಚಿದರು. ಅಂಗೈಯಲ್ಲಿ ಹಿಡಿಯುವಷ್ಟು ಸಾಮಾನು. ಅದರ ಹೊಟ್ಟೆಯಲ್ಲಿ ಪೆಟ್ರೋಲು ನಿಲ್ಲುವ ಒಂದು ಬಟ್ಟಲು, ಬಟ್ಟಲಿನಲ್ಲಿ ತೇಲುವ ಪುಟ್ಟ ಬುರುಡೆ. ಪೆಟ್ರೋಲು ತುಂಬಿದರೆ ಬುರುಡೆ ಮೇಲೆದ್ದು ಬಾಯಿ ಮುಚ್ಚುತ್ತದೆ, ಇಳಿದರೆ ಬಾಯಿ ಬಿಡುತ್ತದೆ. ಪೆಟ್ರೋಲನ್ನು ಗಾಳಿಗೆ ಚಿಮುಕಿಸುವ ಜೆಟ್ ಎಂಬ ಹಿತ್ತಾಳೆಯ ತುಣುಕನ್ನು ಬೆಳಕಿಗೆ ಹಿಡಿದು ನೋಡಿ, ನನಗೂ ತೋರಿಸಿದರು. ನಡುವಿನ ತೂತಿನಲ್ಲಿ ಆಕಾಶ ಒಂದು ಚುಕ್ಕೆಯಾಗಿ ಕಂಡಿತು.

"ಸಾಫ್ ಅದ ನೋಡ್ರಿ. ಇದರಾಗ ಏನೂ ಇಲ್ಲ." ಆದರೂ ತೊಳೆದು, ಗಾಳಿ ಹೊಡೆದು ಜೋಡಿಸಿದರು. ಎಂಜಿನ್ನನ್ನು ನೀರು ತುಂಬಿದ ಡ್ರಮ್ಮಿಗೆ ಕಚ್ಚಿಸಿ, ತಮ್ಮದೇ ಬಾಟಲಿಯೊಂದನ್ನು ಮೇಲೆ ತೂಗುಹಾಕಿ ಅದರಿಂದ ಪೆಟ್ರೋಲು ಬಿಟ್ಟರು. ಬಿಸಿಲಿನಲ್ಲಿ ಎಂಜಿನ್ನು ಒಂದೇ ಸಮ ಓಡಿತು. ಮಿಸ್ತ್ರಿ ಚಹಾ ತರಿಸಿ, ಕುಡಿದು, ಇನ್ನೊಬ್ಬರ ಪಂಪಿನ ಕೆಲಸ ಮುಗಿಸುವ ತನಕವೂ ಓಡಿತು.

"ಇಲ್ಲೆ ಓಡ್ತದ, ಅಲ್ಲೆ ನಿಲ್ತದ," ಮಿಸ್ತ್ರಿ ಕನ್ನಡಕ ತೆಗೆದರು. "ನಿಂತ ಕೂಡಲೇ ಆ ರಬ್ಬರ್ ಉಂಡಿ ಹೆಂಗಿರ್ತದ್ರಿ? ಗಟ್ಟಿನೋ ಮೆತ್ತಗೋ?"

ಇವರು ತಲೆ ಕೆರೆದರು. "ಯಾರಿಗೆ ಗೊತ್ತು? ನಿಂತ ಕೂಡ್ಲೆ ಹಗ್ಗ ಎಳೆಯೂದೇ ಆಗ್ತದೆ."

"ಅದನ್ನ ನೋಡ್ರಿ ಮೊದಲ. ಟಾಂಕಿ ಯಾಕ ತರಲಿಲ್ಲ? ಜಡ್ಡಿನವರನ್ನ ಮನ್ಯಾಗ ಬಿಟ್ಟು ಅವರ ಅಂಗಿ ತಂದಂಗಾತು."

ಇವರಿಗೆ ಕೋಪ ಬಂತು. ಅಷ್ಟು ಭಾರ ಹೊತ್ತು ಬಂದದ್ದು ಅಂಗಿ ಎಂದರೆ ಬರದೆ ಇರುತ್ತದೆಯೇ? ಟಾಂಕಿಯಲ್ಲಿ ಏನಿದೆ, ಬರೀ ಡಬ್ಬಿ, ತೊಳೆದಾಗಿದೆ ಎಂದು ದಾರಿಯುದ್ದಕ್ಕೂ ಗೊಣಗಿದರು.

ಮಶೀನು ಅಲ್ಲಿಯೇ ನಿಲ್ಲುತ್ತದೆ ಎಂದೆನಲ್ಲ, ಅಲ್ಲಿಯೇ ಎಂದರೆ ಹಿನ್ನೀರು ಬರುವ ಮೊದಲು ಊರು ಕಾಯುವ ಚೌಡಿ ದೇವರ ಕಲ್ಲು ಇದ್ದ ಜಾಗ. ಈಗ ಅದು ನೀರಿನ ಎಷ್ಟೋ ಅಡಿ ಕೆಳಗಿದೆ. ಪಕ್ಕದ ಮನೆಯ ಅಜ್ಜಿ ಇದನ್ನು ಕೇಳಿದ್ದೇ ಕೆನ್ನೆಗೆ ಕೈ ಹಚ್ಚಿದಳು. "ಕಾಯಿ ಒಡದು ಎಷ್ಟು ಕಾಲ ಆತೇ? ಅದ್ರ ತಲೆ ಮೇಲೆ ದಿನಾ ಡುರ್ ಡುರ್ ಹೇಳಿ ಓಡಾಡಿರೆ ಸುಮ್ನಿರ್ತಾ?" ಅಕ್ಕಯ್ಯ ಮರುದಿನವೇ ದಡದ ಕಲ್ಲಿನ ಮೇಲೆ ಕಾಯಿ ಒಡೆದಳು. ನಾನೂ ಕೈ ಮುಗಿದೆ. ಒಂದೇ ಜಾಗದಲ್ಲಿ ಏಕೆ ನಿಲ್ಲುತ್ತದೆ ಎನ್ನುವುದಕ್ಕೆ ನಮ್ಮಲ್ಲಿ ಬೇರೆ ಉತ್ತರ ಇರಲಿಲ್ಲ. ಭಾವ ಕಾಯಿಯ ಹೋಳು ಕೈಯಲ್ಲಿ ಹಿಡಿದು, ತಿನ್ನುವ ಹಾಗಿಲ್ಲವಲ್ಲ, ಮೂಸಿ ನೋಡಿ ಇವರಿಗೆ ಕೊಟ್ಟರು. "ಚೌಡಿ ಆದ್ರೆ ಮಧ್ಯಾಹ್ನ ಎಂತಕ್ಕೆ ಬಿಡ್ತು? ಊಟ ಮಾಡಿ ಮಲಗಿರ್ತಾ?"

ಎಲ್ಲರೂ ನಕ್ಕೆವು, ಅಕ್ಕಯ್ಯ ಒಬ್ಬಳನ್ನು ಬಿಟ್ಟು. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಹೌದಲ್ಲ, ಮಧ್ಯಾಹ್ನ ಎಂದೂ ನಿಂತಿಲ್ಲ. ಸಂಜೆ ಭಾವನಿಗೆ ಗಂಜಿ ಬಡಿಸುತ್ತ ಮಿಸ್ತ್ರಿ ಕೇಳಿದ ಪ್ರಶ್ನೆಯನ್ನು ಹೇಳಿದೆ.

"ಉಂಡೆನಾ? ಅದು ಯನ್ನ ಕಾಲ ಬುಡದಲ್ಲೇ ಇರ್ತಲೇ," ಎಂದರು ಭಾವ. "ಕಂಬಳಿ ಅಡಿಗೆ ಬಿದ್ದಿರ್ತು. ನಾಳೆ ಆನು ನೋಡ್ತೆ ತಂಗೀ. ತಮಂಗೆ ಹೇಳಡ, ಅವಂಗೆ ಸಿಟ್ಟು ಬತ್ತು."

ಮರುದಿನ ಶುಕ್ರವಾರ. ಅಕ್ಕಯ್ಯನಿಗೆ ಮಂಡಿ ನೋವು, ಹಾಗಾಗಿ ಜೊತೆಗೆ ನಾನು ಹೋದೆ. ಹಾಗೆಂದು ಅವಳು ಹೇಳಿದ್ದು. ನಡುನೀರಿನಲ್ಲಿ ಇನ್ನೊಂದು ಸಲ ನಿಲ್ಲುವುದನ್ನು ನೋಡಲಾರೆ ಎಂಬುದೇ ಅದರ ಅರ್ಥ ಎಂದು ನಾನು ತಿಳಿದೆ. ಚಳಿಗೆ ಹಲ್ಲು ಕಡಕಡ ಎನ್ನುತ್ತಿತ್ತು. ಇವರು ಟಾಂಕಿಯ ಮುಚ್ಚಳದ ಮೇಲಿನ ಸಣ್ಣ ಸ್ಕ್ರೂ ಸಡಿಲಿಸಿ, ಉಂಡೆ ಹಿಚುಕಿ, ಹಗ್ಗ ಎಳೆದರು. ಎಂಜಿನ್ನು ಒಂದೇ ಎಳೆತಕ್ಕೆ ಎದ್ದಿತು. ಮಂಜು ಎಷ್ಟಿತ್ತೆಂದರೆ ದೋಣಿಯ ಮೂತಿ ಕಾಣುತ್ತಿರಲಿಲ್ಲ. ಆಚೆ ದಡದ ಬಸ್ಸಿನ ದೀಪ ಮಾತ್ರ ಒಂದು ಹಳದಿ ಮಚ್ಚೆಯಾಗಿ ಕಾಣುತ್ತಿತ್ತು.

ಚೌಡಿಯ ಜಾಗ ಬರುವಾಗ ನಾನು ಎಂಜಿನ್ನಿನ ದನಿಗೆ ಕಿವಿ ಕೊಟ್ಟು ಕುಳಿತಿದ್ದೆ. ಭಾವ ಕಂಬಳಿಯ ಒಳಗಿಂದ ಬಲಗೈ ಹೊರಗೆ ತೆಗೆದು ಕೆಳಗೆ ಚಾಚಿದರು.

"ತಮಾ, ಇದು ಎಂತಕ್ಕೆ ಹಿಂಗೆ ಬತ್ತಿ ಹೋಯ್ದು?"

ಅಷ್ಟರಲ್ಲಿ ಎಂಜಿನ್ನು ಕೆಮ್ಮಿ ನಿಂತಿತು. ನಾನು ಬ್ಯಾಟರಿ ಹಾಕಿದೆ. ರಬ್ಬರ್ ಉಂಡೆ ಉಂಡೆಯಾಗಿರಲಿಲ್ಲ. ಎರಡೂ ಬದಿ ಒಳಗೆಳೆದುಕೊಂಡು, ಒಣಗಿದ ಹುಣಸೆಕಾಯಿಯ ಹಾಗೆ ಚಪ್ಪಟೆಯಾಗಿತ್ತು. ಇವರು ಹಗ್ಗಕ್ಕೆ ಕೈ ಹಾಕಿದರು.

"ಹಗ್ಗ ಬಿಡು. ತಡಿ ಒಂಚೂರು," ಎಂದರು ಭಾವ. ಉಂಡೆಯನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಇವರು ಬಸ್ಸಿನ ದೀಪವನ್ನೇ ನೋಡುತ್ತಿದ್ದರು. ಬಸ್ಸಿನ ಎಂಜಿನ್ನು ಆಗಲೇ ಶುರುವಾದದ್ದು ನೀರಿನ ಮೇಲೆ ಕೇಳುತ್ತಿತ್ತು.

"ಅಣ್ಣಾ, ಬಸ್ಸು ಹೋಗ್ತು."

"ಎಂಜಿನ್ ಎಳಿತಾ ಇದ್ದು. ಟಾಂಕಿ ಕೊಡ್ತಾ ಇಲ್ಲೆ. ಅಲ್ದಾ? ಯಂಗೆ ಬಾಟ್ಲಿ ಹಾಕ್ತ್ವಲ, ಸಲೈನು. ಕೆಲವು ಸಲ ಹನಿ ನಿಂತು ಹೋಗ್ತು. ಆವಾಗ ಸಿಸ್ಟರ್ ಎಂತ ಮಾಡ್ತು? ಬಾಟ್ಲಿ ಮೇಲೊಂದು ಸೂಜಿ ಚುಚ್ತು. ಗಾಳಿ ಒಳಗೆ ಹೋಗ್ದೇ ಇದ್ರೆ ನೀರು ಹೊರಗೆ ಬತ್ತಿಲ್ಲೆ ಅಜ್ಜಾ ಹೇಳ್ತು. ಮುಚ್ಚಳ ತೆಗಿ ಇದ್ರದ್ದು."

"ಗಾಳಿ ಸ್ಕ್ರೂ ಸಡಿಲ ಮಾಡಿದ್ದೆ ಅಣ್ಣಾ."

"ಮುಚ್ಚಳ ತೆಗಿ ಹೇಳಿದ್ದು."

ಇವರು ತೆಗೆಯಲಿಲ್ಲ, ನಾನೇ ಬಗ್ಗಿ ತಿರುಗಿಸಿದೆ. ಬಿಗಿಯಾಗಿತ್ತು. ಒಮ್ಮೆ ಸಡಿಲವಾದದ್ದೇ ಸುಯ್ ಎಂದು ಟಾಂಕಿ ಉಸಿರೆಳೆದುಕೊಂಡಿತು. ನನ್ನ ಕಣ್ಣೆದುರಿಗೇ ಆ ಚಪ್ಪಟೆ ಉಂಡೆ ನಿಧಾನಕ್ಕೆ ಹೊಟ್ಟೆ ತುಂಬಿಕೊಂಡು ಮತ್ತೆ ಉಂಡೆಯಾಯಿತು. ಇವರು ಹಗ್ಗ ಎಳೆದರು. ಎಂಜಿನ್ನು ಎದ್ದಿತು. ಮುಚ್ಚಳವನ್ನು ಸುಮ್ಮನೆ ಮೇಲಿಟ್ಟು, ಪೆಟ್ರೋಲು ತುಳುಕದ ಹಾಗೆ ನಾನು ಕೈಯಲ್ಲಿ ಹಿಡಿದುಕೊಂಡು ಕುಳಿತೆ. ಒಂದು ಸಲವೂ ನಿಲ್ಲಲಿಲ್ಲ. ದಡ ಮುಟ್ಟುವಾಗ ಬಸ್ಸು ಹೊರಡಲು ತಿರುಗುತ್ತಿತ್ತು. ಇವರು ಹಾರಿ ಇಳಿದು ಓಡಿ ಅಡ್ಡ ನಿಂತರು. ಡ್ರೈವರು ಬೈದುಕೊಂಡೇ ನಿಲ್ಲಿಸಿದರು.

ಭಾವ ಮಾತ್ರ ಏಳಲಿಲ್ಲ. ನನ್ನ ಕೈಯಿಂದ ಮುಚ್ಚಳ ತೆಗೆದುಕೊಂಡು ಬ್ಯಾಟರಿಯ ಬೆಳಕಿಗೆ ಹಿಡಿದಿದ್ದರು. ಸ್ಕ್ರೂವಿನ ಬುಡದಲ್ಲಿ ಗಾಳಿಗೆಂದು ಇಟ್ಟ ತೂತು ಇದೆ, ಸೂಜಿಯಷ್ಟು ದಪ್ಪ. ಅದರ ಮೇಲೆ ಬೆಳ್ಳಗೆ ಏನೋ ಮೆತ್ತಿಕೊಂಡಿತ್ತು. ಭಾವ ಉಗುರಿನಿಂದ ಕೆರೆದು, ಬೆರಳ ತುದಿಯಲ್ಲಿ ತಿಕ್ಕಿದರು. ಬೆರಳ ಬಿಸಿಗೆ ಅದು ಕರಗಿ ಎಣ್ಣೆಯಾಯಿತು. ಮೂಗಿನ ಹತ್ತಿರ ಹಿಡಿದರು. ಮೂಸುವ ಅಗತ್ಯವೇ ಇರಲಿಲ್ಲ.

ಮಳೆಗಾಲ ಮುಗಿಯುವಾಗ ಆ ಸ್ಕ್ರೂ ತುಕ್ಕು ಹಿಡಿದಿದೆ, ತಿರುಗುವುದಿಲ್ಲ ಎಂದು ಇವರು ಬೈದಿದ್ದರು. ಅವತ್ತಿನಿಂದ ದಿನಾ ಸಂಜೆ ಭಾವ ಅದಕ್ಕೂ ಒಂದು ಹನಿ ಬಿಡುತ್ತಿದ್ದರು. ಸೆಕೆ ಇರುವ ತನಕ ಎಣ್ಣೆ ಎಣ್ಣೆಯಾಗಿಯೇ ಇತ್ತು. ಚಳಿ ಬಿದ್ದ ಮೇಲೆ ಬಚ್ಚಲಿನ ಗಿಂಡಿಯಲ್ಲಿ ಹೆಪ್ಪುಗಟ್ಟುವ ಹಾಗೆ ಆ ತೂತಿನಲ್ಲೂ ರಾತ್ರಿ ಹೆಪ್ಪುಗಟ್ಟುತ್ತಿತ್ತು, ಬಿಸಿಲಿಗೆ ಕರಗುತ್ತಿತ್ತು. ಟಾಂಕಿಯೊಳಗಿನ ಗಾಳಿ ಸಾಲುವಷ್ಟು ದೂರ ಮಶೀನು ಓಡುತ್ತಿತ್ತು. ಆ ದೂರ ಮುಗಿಯುತ್ತಿದ್ದದ್ದು ಚೌಡಿಯ ಜಾಗದಲ್ಲಿ. ಇಷ್ಟನ್ನೂ ನಾನು ಆಮೇಲೆ ಯೋಚಿಸಿ ತಿಳಿದುಕೊಂಡದ್ದು. ಭಾವನಿಗೆ ಆ ಕ್ಷಣಕ್ಕೇ ತಿಳಿಯಿತು.

"ಕಳ್ಳ ಸಿಕ್ಕಿದ ತಮಾ," ಎಂದರು ದಡದ ಕಡೆ ಕೂಗಿ.

"ಯಾರು?"

"ಆನೇಯಾ."

ತಾನೇ ಕಳ್ಳ ಎಂದು ನಗುತ್ತಲೇ ಹೇಳಿದರು. ಆದರೆ ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತರು. ಯಲ್ಲಾಪುರ ಬರುವ ತನಕ ಎಣ್ಣೆಯಾದ ಬೆರಳನ್ನು ಹೆಬ್ಬೆರಳಿನಿಂದ ಒರೆಸುತ್ತಲೇ ಇದ್ದರು. ನಾನೂ ಏನು ಹೇಳಲಿ? ತಪ್ಪಲ್ಲ ಎಂದರೆ ಸುಳ್ಳು. ತಪ್ಪು ಎಂದರೆ ಅದಕ್ಕಿಂತ ದೊಡ್ಡ ಸುಳ್ಳು. ಅವರ ಕೈಗೆ ಎಂದು ನಾವು ಉಳಿಸಿದ್ದ ಕೆಲಸ ಅದೊಂದೇ ಆಗಿತ್ತು. ಮಾಡುವವನಿಗೆ ಒಂದೇ ಕೆಲಸ ಇದ್ದರೆ ಅವನು ಅದನ್ನು ಬೇಕಾದ್ದಕ್ಕಿಂತ ಹೆಚ್ಚೇ ಮಾಡುತ್ತಾನೆ. ಒಂದು ಹನಿ ಸಾಕಾದಲ್ಲಿ ಎರಡು ಬಿಡುತ್ತಾನೆ. ಮನೆಗೆಲಸದಲ್ಲಿ ನಾವೂ ಹಾಗೆಯೇ ಅಲ್ಲವೇ, ಮಕ್ಕಳ ತಟ್ಟೆಗೆ ತುಪ್ಪ ಬಡಿಸುವಾಗ?

ಡಯಾಲಿಸಿಸ್ ನಡೆಯುವ ಹೊತ್ತಿಗೆ ನಾನು ಮಿಸ್ತ್ರಿಯ ಅಂಗಡಿಗೆ ಹೋಗಿ ಹೇಳಿ ಬಂದೆ. ಅವರು ಜೋರಾಗಿ ನಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ.

"ಮಶೀನಿಗೆ ತೆಂಗಿನೆಣ್ಣಿ! ಅರೆ, ನಮ್ಮ ಮನ್ಯಾಗ ಹೊಲಿಗಿ ಮಶೀನಿಗೆ ಅದನ್ನ ಬಿಟ್ಟು ಚಳಿಗಾಲದಾಗ ಚಕ್ರನ ತಿರಗಲಿಲ್ರಿ ಅಕ್ಕಾರ," ಎಂದು ಒಂದು ಡಬ್ಬಿಯಲ್ಲಿ ಗ್ರೀಸ್ ತುಂಬಿ ಕೊಟ್ಟರು. "ಇದನ್ನ ಹಚ್ಚಲಿ, ತೂತು ಬಿಟ್ಟು. ತೂತನ್ನ ದಿನಾ ಪಿನ್ನಿಲೆ ಸಾಫ್ ಮಾಡ್ಲಿ. ಮತ್ತ ಉಂಡಿ ಮ್ಯಾಲೆ ಒಬ್ಬರ ಕೈ ಇರ್ಲಿ. ನಡಸಾವಂಗ ಅದು ಗೊತ್ತಾಗಂಗಿಲ್ಲ, ಅವನ ಲಕ್ಷ್ಯ ನೀರಿನ ಮ್ಯಾಲೆ."

ಮನೆಯಲ್ಲಿ ವಿಷಯ ಸುಲಭಕ್ಕೆ ಮುಗಿಯಲಿಲ್ಲ. ಇವರು ಸಂಜೆ ಎಣ್ಣೆಯ ಗಿಂಡಿಯನ್ನು ದೋಣಿಯಿಂದ ತಂದು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿದರು. "ಅಣ್ಣಾ, ಇನ್ನು ಮಶೀನು ನೀ ಮುಟ್ಟಡ," ಎಂದರು. ದನಿಯಲ್ಲಿ ಕೋಪಕ್ಕಿಂತ ಹೆಚ್ಚು, ಸುಮ್ಮನೆ ಪೇಟೆಯವರೆಗೆ ಎಂಜಿನ್ನು ಹೊತ್ತ ದಣಿವಿತ್ತು. ಭಾವ "ಆತು" ಎಂದರು. ಅಷ್ಟೇ. ಮರುದಿನ ಸಂಜೆ ದಡಕ್ಕೆ ಇಳಿಯಲಿಲ್ಲ. ಅದರ ಮರುದಿನವೂ. ಜಗಲಿಯಲ್ಲಿ ಕುಳಿತು, ಅಳೆದಿಟ್ಟ ನೀರಿನ ತಂಬಿಗೆಯನ್ನು ಎತ್ತಿ ನೋಡುವುದು, ಕೆಳಗಿಡುವುದು.

ಅಕ್ಕಯ್ಯ ಬಾಗಿಲ ಮೂಲೆಯ ಚೀಲದ ಹತ್ತಿರ ನಿಂತು ನನಗೆ ಮಾತ್ರ ಕೇಳುವ ಹಾಗೆ ಹೇಳಿದಳು. "ಮಶೀನು ಸರಿ ಆತು. ಮನಷ್ಯ ಹಾಳಾದ. ಹಿಂಗೆ ಕೂತ್ಕಂಬಲೆ ಆ ಖೋಲಿಯೇ ಸಾಕಾಗಿತ್ತು."

ನಾನು ಆ ರಾತ್ರಿ ಇವರಿಗೆ ಮಿಸ್ತ್ರಿ ಹೇಳಿದ ಕೊನೆಯ ಮಾತನ್ನು ಮಾತ್ರ ಹೇಳಿದೆ, ನನ್ನದೇನೂ ಸೇರಿಸದೆ. ಇವರು ಗೋಡೆಯ ಕಡೆ ಹೊರಳಿದರು.

ಮಂಗಳವಾರ ಬೆಳಿಗ್ಗೆ ಮತ್ತೆ ಅದೇ ಚಳಿ, ಅದೇ ಮಂಜು. ನಾನು ದಡದವರೆಗೆ ದೀಪ ಹಿಡಿದು ಹೋಗಿದ್ದೆ. ಅಕ್ಕಯ್ಯ ಅಂಚು ಹಿಡಿದು ಕುಳಿತಿದ್ದಳು. ಭಾವ ತಮ್ಮ ಹಲಗೆಯ ಮೇಲೆ ಕುಳಿತು ಕಂಬಳಿಯೊಳಗೆ ಎರಡೂ ಕೈ ಸೇರಿಸಿದ್ದರು. ಇವರು ಹಗ್ಗಕ್ಕೆ ಕೈ ಹಾಕಿದವರು ಎಳೆಯದೆ ನಿಂತರು.

"ಅಣ್ಣಾ, ಉಂಡೆ ಗಟ್ಟಿ ಇದ್ದಾ?"

ಭಾವ ಕೇಳಿಸದವರ ಹಾಗೆ ಇದ್ದರು.

"ಅಣ್ಣಾ, ನಿನ್ನತ್ರೇ ಕೇಳಿದ್ದು. ನೀ ಹೇಳದೇ ಆನು ಹೊರಡ್ತ್ನಿಲ್ಲೆ."

"ಬಸ್ಸು ಹೋಗ್ತು ಕಾಣ್ತು," ಎಂದಳು ಅಕ್ಕಯ್ಯ ಗಾಬರಿಯಿಂದ.

"ಹೋಗ್ಲಿ."

ಕಂಬಳಿ ಅಲ್ಲಾಡಿತು. ಬಲಗೈ ಹೊರಗೆ ಬಂತು. ಭಾವ ಬಗ್ಗಿ, ಅವಸರವಿಲ್ಲದೆ, ಉಂಡೆಯನ್ನು ಹಿಚುಕಿದರು, ಬಿಟ್ಟರು, ಹಿಚುಕಿದರು. ಆಮೇಲೆ ಅಂಗಿಯ ಗುಂಡಿಯ ಹತ್ತಿರ ಸಿಕ್ಕಿಸಿದ್ದ ಪಿನ್ನು ತೆಗೆದರು. ಪಿನ್ನು ಅಲ್ಲಿ ಎಂದಿನಿಂದ ಇತ್ತೋ ನನಗೆ ಗೊತ್ತಿಲ್ಲ. ಮುಚ್ಚಳದ ತೂತಿಗೆ ಅದನ್ನು ಒಮ್ಮೆ ಆಡಿಸಿ ವಾಪಸು ಸಿಕ್ಕಿಸಿದರು.

"ಗಟ್ಟಿ ಇದ್ದು. ಎಳಿ."

ಮಂಜಿನೊಳಗೆ ಹೋದ ಮಶೀನಿನ ದನಿಯನ್ನು ನಾನು ದಡದಲ್ಲೇ ನಿಂತು ಕೇಳಿದೆ. ಚೌಡಿಯ ಜಾಗ ದಾಟಿತು. ದನಿ ಇಳಿಯಲಿಲ್ಲ. ನಡುವೆ ಇವರು ಏನೋ ಕೂಗಿದ್ದು, ಭಾವ ಏನೋ ಕೂಗಿದ್ದು ಅಸ್ಪಷ್ಟವಾಗಿ ಕೇಳಿತು. ಆಮೇಲೆ ಮಶೀನು ಆಚೆ ದಡದಲ್ಲಿ ನಿಂತದ್ದು, ಅದಾದ ಮೇಲೆ ಬಸ್ಸು ಹೋದ ಸದ್ದು.

ಇದು ಎಷ್ಟು ಕಾಲ ನಡೆಯುತ್ತದೆಯೋ ಹೇಳಲು ನನಗೆ ಧೈರ್ಯವಿಲ್ಲ. ಭಾವನ ಕಾಲಿನ ಊತ ಈಗ ಸರದಿ ತಪ್ಪದಿದ್ದರೂ ಕೆಲವೊಮ್ಮೆ ಇಳಿಯುವುದಿಲ್ಲ. ಮಳೆಗಾಲದಲ್ಲಿ ಹಿನ್ನೀರು ಕೆಂಪಾಗಿ ಮರದ ದಿಮ್ಮಿಗಳು ತೇಲಿ ಬಂದಾಗ ಒಂದಿಷ್ಟು ದಿನ ಆ ಖೋಲಿಗೇ ಹೋಗಬೇಕಾಗಿ ಬರಬಹುದು. ಅಕ್ಕಯ್ಯ ಚೀಲವನ್ನು ಮೂಲೆಯಿಂದ ತೆಗೆದಿಲ್ಲ. ಆದರೆ ಆ ಮಂಗಳವಾರ ಸಂಜೆ ಬಂದವಳು ಸೆರಗು ಸಿಕ್ಕಿಸಿ, ಚೀಲದೊಳಗೆ ಕೈ ಹಾಕಿ, ಕಾವಲಿಯನ್ನು ಹೊರಗೆ ಎಳೆದಳು.

"ನಿನ್ನ ಕಾವಲಿಲ್ಲಿ ದೋಸೆ ಏಳ್ತಿಲ್ಲೆ," ಎಂದಳು ನನಗೆ, ಅದೇ ಕಾರಣ ಎಂಬಂತೆ. ಒಲೆಯ ಮೇಲಿಟ್ಟು ಬಿಸಿ ಮಾಡಿ, ಕಟ್ಟೆಯ ಮೇಲಿದ್ದ ಭಾವನ ಗಿಂಡಿಯಿಂದ ಹೆಪ್ಪುಗಟ್ಟಿದ ಎಣ್ಣೆಯನ್ನು ಚಮಚದಲ್ಲಿ ತೆಗೆದು ಕಾವಲಿಗೆ ಹಾಕಿದಳು. ಅದು ಸುರ್ ಎಂದು ಕರಗಿತು.

ಕೆಳಗೆ ದಡದಲ್ಲಿ ಭಾವ ಗ್ರೀಸ್ ಡಬ್ಬಿ ಹಿಡಿದು ಮಶೀನಿನ ಮೈ ಒರೆಸುತ್ತಿದ್ದರು. ಅದರ ವಾಸನೆ ತಮಗೆ ಹಿಡಿಸುವುದಿಲ್ಲ ಎಂದು ಇವರೊಡನೆ ಜಗಳವಾಡುತ್ತಿದ್ದದ್ದು ಇಲ್ಲಿಯವರೆಗೂ ಕೇಳಿಸುತ್ತಿತ್ತು.